ಜೆಲ್ ಸನ್‌ಸ್ಕ್ರೀನೋ, ಜಿಂಕ್ ಕ್ರೀಮೋ?

ಶ್ರೀನಿವಾಸಪುರದ ಕಡೆಯ ಮಾವಿನ ತೋಪುಗಳಲ್ಲಿ ಫಸಲಿನ ಲೆಕ್ಕ ಬರೆಯುವುದು ನನ್ನ ಕೆಲಸವಾದ್ದರಿಂದ, ಬೇಸಗೆಯುದ್ದಕ್ಕೂ ಕೋಲಾರದಿಂದ ಬೈಕಿನಲ್ಲಿ ಹೋಗಿಬರುತ್ತೇನೆ. ಎರಡು ಹಂಗಾಮುಗಳಲ್ಲಿ ಎರಡು ಬಗೆಯ ಸನ್‌ಸ್ಕ್ರೀನ್ ಬಳಸಿ ನೋಡಿದ ಮೇಲೆ, ಜಿಂಕ್ ಆಕ್ಸೈಡ್ ಇರುವ ಕ್ರೀಮನ್ನು ಬಿಟ್ಟು ಬೇರೆಯದಕ್ಕೆ ದುಡ್ಡು ಹಾಕುವ ಮನಸ್ಸು ನನಗಿಲ್ಲ.

ಮೊದಲು ಕೊಂಡದ್ದು ಜೆಲ್. ಟ್ಯೂಬಿನ ಮೇಲೆ ದಪ್ಪಕ್ಷರದಲ್ಲಿ ಎಸ್‌ಪಿಎಫ್ 50 ಎಂದಿತ್ತು. ಪಿಎ ಎಂಬ ಗುರುತು ಇರಲಿಲ್ಲ, ಅದನ್ನು ಹುಡುಕಬೇಕೆಂಬುದೂ ನನಗೆ ಗೊತ್ತಿರಲಿಲ್ಲ. ಚರ್ಮ ಉರಿಯಲಿಲ್ಲ, ಆದರೆ ತಿಂಗಳೊಳಗೆ ವಾಚ್ ಕಟ್ಟುವ ಜಾಗವೊಂದನ್ನು ಬಿಟ್ಟು ಮುಂಗೈಯೆಲ್ಲ ಕಪ್ಪಾಯಿತು. ಎಸ್‌ಪಿಎಫ್ ಎಂಬುದು ಮುಖ್ಯವಾಗಿ ಚರ್ಮವನ್ನು ಸುಡುವ ಯುವಿ-ಬಿ ಕಿರಣದ ಲೆಕ್ಕ. ಇನ್ನೂ ಆಳಕ್ಕಿಳಿಯುವ ಯುವಿ-ಎ ಕಿರಣವನ್ನು ಎಷ್ಟು ತಡೆಯುತ್ತದೆ ಎಂಬುದನ್ನು ಪಿಎ ಗುರುತು ಹೇಳುತ್ತದೆ.

ಕಪ್ಪು ಚರ್ಮಕ್ಕೆ ಬಿಸಿಲು ಏನೂ ಮಾಡದು ಎಂದೇ ನಂಬಿದ್ದೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್, ತಾನು ಹೀರಿದ ಕಿರಣದ ಬಹುಪಾಲನ್ನು ಶಾಖವಾಗಿ ಬಿಟ್ಟುಬಿಡುತ್ತದೆ, ನಿಜ. ಆದರೆ ಅದೇ ಕಿರಣವು ಕೋಶದೊಳಗೆ ಸೂಪರ್‌ಆಕ್ಸೈಡ್, ನೈಟ್ರಿಕ್ ಆಕ್ಸೈಡ್ ಎಂಬ, ಜೋಡಿ ತಪ್ಪಿದ ಎಲೆಕ್ಟ್ರಾನುಳ್ಳ ಫ್ರೀ ರ್‍ಯಾಡಿಕಲ್‌ಗಳನ್ನೂ ಹುಟ್ಟಿಸುತ್ತದೆ. ಇವೆರಡೂ ಕೂಡಿ ಪೆರಾಕ್ಸಿನೈಟ್ರೈಟ್ ಆಗಿ ಮೆಲನಿನ್ನಿನ ತುಣುಕುಗಳಲ್ಲಿನ ಎಲೆಕ್ಟ್ರಾನನ್ನು ಕೆರಳಿಸುತ್ತವೆ, ಆ ಶಕ್ತಿ ಡಿಎನ್‌ಎಗೆ ದಾಟಿ ಅದನ್ನು ಕೆಡಿಸುತ್ತದೆ. ಕಿರಣ ನಿಂತು ಮೂರು ಗಂಟೆ ಕಳೆದರೂ ಮೆಲನಿನ್ ಕೋಶಗಳಲ್ಲಿ ಈ ಹಾನಿ ಕತ್ತಲಲ್ಲೇ ಮುಂದುವರಿಯುವುದನ್ನು ಯೇಲ್ ವಿಶ್ವವಿದ್ಯಾಲಯದ ತಂಡ 2015ರಲ್ಲಿ ತೋರಿಸಿತು. ಕೆಂಪು ಛಾಯೆಯ ಫಿಯೊಮೆಲನಿನ್ ನಮ್ಮ ಕಪ್ಪು ಯೂಮೆಲನಿನ್‌ಗಿಂತ ಹೆಚ್ಚು ತಂಟೆಯದು. ಅಂದರೆ ಸಂಜೆ ಲೋಳೆಸರ ಬಳಿದುಕೊಂಡು ನೆಮ್ಮದಿಯಾಗಿರುತ್ತಿದ್ದ ನನಗೆ ಅದರಿಂದ ದಕ್ಕುತ್ತಿದ್ದುದು ಬರೀ ತಂಪು.

ಜಿಂಕ್ ಎರಡೂ ಕಿರಣಗಳನ್ನು ತಡೆಯುತ್ತದೆ, ಬೆವರಿನೊಡನೆ ಕಣ್ಣಿಗಿಳಿದರೂ ಜೆಲ್‌ನಂತೆ ಉರಿಸುವುದಿಲ್ಲ. ಅದರ ಕಾಟವೆಂದರೆ ಬಿಳುಪು. ಮೊದಲ ದಿನ ಅಮ್ಮ, “ಏನಪ್ಪಾ, ಮೊಖಕ್ಕೆಲ್ಲಾ ವಿಭೂತಿ ಬಳ್ಕೊಂಡು ಹೊರ್ಟಿದ್ದೀಯಾ?” ಎಂದರು. ಹೆಲ್ಮೆಟ್ಟಿನ ಪಟ್ಟಿ ಉಜ್ಜಿದಲ್ಲಿ ಕಪ್ಪು ಗೆರೆ, ಉಳಿದೆಡೆ ಬಿಳಿ; ನೀಲಿ ಅಂಗಿಯ ಕಾಲರಿಗೆ ಅಂಟಿದ ಕಲೆ ಎರಡು ಒಗೆತಕ್ಕೂ ಜಗ್ಗಲಿಲ್ಲ. ಕಡಿಮೆ ಹಚ್ಚಿದರೆ ತಡೆಯೂ ಕಡಿಮೆಯೇ ಆದ್ದರಿಂದ, ಚುಕ್ಕೆ ಚುಕ್ಕೆಯಾಗಿಟ್ಟು ಒತ್ತಿ ಹರಡಿ, ಕಾಲು ಗಂಟೆ ಬಿಟ್ಟು ಹೊರಡುತ್ತೇನೆ. ಆದರೂ ಬಿಳುಪು ಪೂರ್ತಿ ಹೋಗುವುದಿಲ್ಲ.

ಬೆಲೆ ಜೆಲ್‌ಗಿಂತ ಜಾಸ್ತಿ. ಹಾಗಾಗಿ ಕ್ರೀಮು ಮುಖ, ಕತ್ತು, ಅಂಗೈ ಹಿಂಭಾಗಕ್ಕೆ ಮಾತ್ರ. ತೋಳಿಗೆ ಒತ್ತು ನೇಯ್ಗೆಯ ತುಂಬುತೋಳಿನ ಅಂಗಿ. ಪಿಎ ಗುರುತಿರುವ ಜೆಲ್‌ಗಳೂ ಸಿಗುತ್ತವೆ. ಆಫೀಸಿನೊಳಗೆ ಕೂರುವವರಿಗೆ ಅದೇ ಸಾಕಾದೀತು.