ಶಿರಸಿಯ ಒಂದು ವೃತ್ತಿ ಮಾರ್ಗದರ್ಶನ ಕೇಂದ್ರ: ವರದಿಗೆ ಬೇಡ, ಮಾತಿಗೆ ಹೋಗಿ

ಪದವಿಯ ಕೊನೆಯ ಹಂತದಲ್ಲಿರುವ ವಿದ್ಯಾರ್ಥಿಗಳಿಗೆ ಮುಂದಿನ ದಾರಿ ತೋರಿಸುವುದಾಗಿ ಹೇಳುವ ಖಾಸಗಿ ಕೇಂದ್ರವೊಂದು ಶಿರಸಿ ಪೇಟೆಯ ಹಳೆಯ ಕಟ್ಟಡವೊಂದರ ಮಹಡಿಯ ಮೇಲೆ ನಡೆಯುತ್ತಿದೆ. ಈ ವರ್ಷ ನಾನು ಅದರ ಸೇವೆ ಪಡೆದಿದ್ದೇನೆ. ಕೇಂದ್ರದ ಹೆಸರನ್ನು ಉದ್ದೇಶಪೂರ್ವಕವಾಗಿಯೇ ಇಲ್ಲಿ ಹೇಳುತ್ತಿಲ್ಲ. ನಾನು ಪ್ರಾಣಿಶಾಸ್ತ್ರ ಮತ್ತು ರಸಾಯನಶಾಸ್ತ್ರ ಓದುತ್ತಿರುವ ಬಿಎಸ್ಸಿ ಅಂತಿಮ ವರ್ಷದ ವಿದ್ಯಾರ್ಥಿ. ಮನೆಯಲ್ಲಿ ಸಣ್ಣ ಅಡಿಕೆ ತೋಟವಿದೆ, ಅದರ ಹೊಣೆ ಅಣ್ಣನದು. ಆದ್ದರಿಂದ ಪದವಿ ಮುಗಿದೊಡನೆ ನಾನು ಏನು ಮಾಡಬೇಕೆಂಬ ಪ್ರಶ್ನೆಗೆ ತೋಟ ಉತ್ತರವಾಗುವಂತಿರಲಿಲ್ಲ.

ಕೇಂದ್ರದಲ್ಲಿ ಎರಡು ಬಗೆಯ ಸೇವೆಗಳಿವೆ. ಪರೀಕ್ಷೆ, ಮುದ್ರಿತ ವರದಿ ಮತ್ತು ಎರಡು ಬಾರಿಯ ಸಮಾಲೋಚನೆ ಸೇರಿದ ಪೂರ್ಣ ಪ್ಯಾಕೇಜಿಗೆ 3,500 ರೂಪಾಯಿ. ಪರೀಕ್ಷೆ ಇಲ್ಲದೆ ಒಂದು ಗಂಟೆಯ ಮಾತುಕತೆಗಷ್ಟೇ 600 ರೂಪಾಯಿ. ಎರಡನೆಯದನ್ನು ಫಲಕದಲ್ಲಿ ಬರೆದಿಲ್ಲ, ಕೇಳಿದವರಿಗೆ ಮಾತ್ರ ಹೇಳುತ್ತಾರೆ. ನಾನು ಪೂರ್ಣ ಪ್ಯಾಕೇಜನ್ನೇ ತೆಗೆದುಕೊಂಡಿದ್ದರಿಂದ ಎರಡರ ಬೆಲೆಯನ್ನೂ ತೂಗಿ ನೋಡುವ ಅವಕಾಶ ಸಿಕ್ಕಿತು.

ಮೊದಲು ಪರೀಕ್ಷೆಯ ವಿಷಯ. ಕಂಪ್ಯೂಟರಿನ ಮುಂದೆ ಕುಳಿತು, ಯಂತ್ರ ಬಿಚ್ಚಿ ಜೋಡಿಸುವುದು ಇಷ್ಟವೇ, ಲೆಕ್ಕಪತ್ರ ಇಡುವುದು ಇಷ್ಟವೇ, ಮಕ್ಕಳಿಗೆ ಪಾಠ ಹೇಳುವುದು ಇಷ್ಟವೇ ಎಂಬಂಥ ಪ್ರಶ್ನೆಗಳಿಗೆ ಉತ್ತರಿಸಬೇಕು. ಇದರ ಮೂಲದಲ್ಲಿರುವುದು ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಹಾಲೆಂಡ್ 1959ರಲ್ಲಿ ಮಂಡಿಸಲು ತೊಡಗಿದ ಸಿದ್ಧಾಂತ. ಅದು ಮನುಷ್ಯರ ಆಸಕ್ತಿಗಳನ್ನೂ ಉದ್ಯೋಗಗಳ ಸ್ವಭಾವವನ್ನೂ ಒಂದೇ ಆರು ವರ್ಗಗಳಲ್ಲಿ ವಿಂಗಡಿಸಿ, ಎರಡೂ ಹೊಂದಿಕೊಂಡಲ್ಲಿ ಕೆಲಸದಲ್ಲಿ ತೃಪ್ತಿ ಹೆಚ್ಚು ಎನ್ನುತ್ತದೆ. ಸಿದ್ಧಾಂತ ಗೌರವಾರ್ಹವಾದದ್ದೇ. ಆದರೆ ಅದಕ್ಕಾಗಿ ಮೂರೂವರೆ ಸಾವಿರ ಕೊಡಬೇಕಾದ ಅಗತ್ಯವಿಲ್ಲ. ಅಮೆರಿಕದ ಕಾರ್ಮಿಕ ಇಲಾಖೆ ನಡೆಸುವ ಓ-ನೆಟ್ ತಾಣದಲ್ಲಿ 60 ಪ್ರಶ್ನೆಗಳ ಇಂಥದೇ ಪರೀಕ್ಷೆ ಉಚಿತವಾಗಿ ಲಭ್ಯವಿದೆ. ಇಂಗ್ಲಿಷಿನಲ್ಲಿದೆ ಎಂಬುದೊಂದೇ ತೊಡಕು, ಮತ್ತು ಆ ತೊಡಕು ಈ ಕೇಂದ್ರದ ಪರೀಕ್ಷೆಗೂ ಇದೆ.

ಬಣ್ಣದ ಹಾಳೆಗಳಲ್ಲಿ ಸ್ಪೈರಲ್ ಬೈಂಡ್ ಮಾಡಿ ಕೈಗಿಡುವ ವರದಿ ನೋಡಲು ಚೆನ್ನಾಗಿದೆ, ಓದಲು ನಿರಾಶಾದಾಯಕವಾಗಿದೆ. ನನ್ನ ಆಸಕ್ತಿಗಳಿಗೆ ಅರಣ್ಯಶಾಸ್ತ್ರ ಅತ್ಯಂತ ಸೂಕ್ತವೆಂದು ಅದು ಹೇಳುತ್ತದೆ. ಅರಣ್ಯ ಮಹಾವಿದ್ಯಾಲಯ ಶಿರಸಿಯಲ್ಲೇ ಇದೆ, ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಆದರೆ ಅಲ್ಲಿನ ನಾಲ್ಕು ವರ್ಷದ ಪದವಿಗೆ ಪ್ರವೇಶ ಸಿಗುವುದು ಪಿಯುಸಿ ಮುಗಿದ ಮೇಲೆ, ಸಿಇಟಿಯ ಮೂಲಕ. ಬಿಎಸ್ಸಿಯ ಐದನೇ ಸೆಮಿಸ್ಟರಿನಲ್ಲಿ ಕುಳಿತವನಿಗೆ ಆ ಸಲಹೆಯಿಂದ ಏನೂ ಪ್ರಯೋಜನವಿಲ್ಲ. ಇನ್ನೊಂದು ಪುಟದಲ್ಲಿ ರಾಜ್ಯದ ನಾಲ್ಕು ವರ್ಷದ ಆನರ್ಸ್ ಪದವಿಯ ಗುಣಗಾನವಿದೆ. 2021-22ರಲ್ಲಿ ಬಂದ ಆ ವ್ಯವಸ್ಥೆಯನ್ನು ಸರ್ಕಾರ 2024-25ರ ಪ್ರವೇಶದಿಂದ ಕೈಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಮರಳಿದ್ದು ವರದಿ ತಯಾರಿಸುವ ತಂತ್ರಾಂಶದ ಗಮನಕ್ಕೆ ಬಂದಂತಿಲ್ಲ. ಉದ್ಯೋಗಗಳ ಪಟ್ಟಿಯಂತೂ ಓದುವವನು ಬೆಂಗಳೂರಿನಲ್ಲೇ ಮನೆ ಮಾಡಿಕೊಂಡಿದ್ದಾನೆ ಎಂಬ ಊಹೆಯ ಮೇಲೆ ನಿಂತಿದೆ.

ಇದಕ್ಕೂ ಮೇಲೆ, ಹೆಚ್ಚುವರಿ ಹಣ ಕೊಟ್ಟರೆ ಹತ್ತೂ ಬೆರಳುಗಳ ಅಚ್ಚು ತೆಗೆದು ಹುಟ್ಟಿನಿಂದ ಬಂದ ಬುದ್ಧಿಶಕ್ತಿಯ ಬಗೆಯನ್ನು ತಿಳಿಸುತ್ತೇವೆಂದು ಸ್ವಾಗತ ಮೇಜಿನಲ್ಲಿ ಕುಳಿತವರು ಹೇಳುತ್ತಾರೆ. ಬೆರಳ ಗೆರೆಗಳು ತಾಯಿಯ ಗರ್ಭದಲ್ಲೇ ರೂಪುಗೊಳ್ಳುವುದು ನಿಜ. ಆದರೆ ಅವುಗಳನ್ನು ನೋಡಿ ಒಬ್ಬನ ಸಾಮರ್ಥ್ಯವನ್ನೋ ವೃತ್ತಿಯನ್ನೋ ಹೇಳಬಹುದೆಂಬುದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಪ್ರಾಣಿಶಾಸ್ತ್ರ ಓದುವವನಿಗೂ ಅದನ್ನು ಮಾರಲು ಬಂದ ಧೈರ್ಯವನ್ನು ಮೆಚ್ಚಬೇಕು. ನಾನು ಬೇಡವೆಂದೆ, ಅವರು ಒತ್ತಾಯಿಸಲಿಲ್ಲ.

ಇಷ್ಟು ದೋಷಗಳಿದ್ದರೂ ಕೇಂದ್ರದ ಬಗ್ಗೆ ಒಳ್ಳೆಯ ಮಾತು ಬರೆಯಲು ಕಾರಣ ಅಲ್ಲಿನ ಸಮಾಲೋಚಕರು. ದೀರ್ಘಕಾಲ ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾದ ಅವರು ವರದಿಯನ್ನು ಒಮ್ಮೆ ತಿರುವಿ ಹಾಕಿ ಪಕ್ಕಕ್ಕಿಟ್ಟರು. ನಿನಗೇನು ಇಷ್ಟ ಎಂದು ಅವರು ಕೇಳಲೇ ಇಲ್ಲ. ನೀನು ಸಂಪಾದಿಸದೆ ಎಷ್ಟು ವರ್ಷ ಓದಿದರೆ ಮನೆಯವರು ತಾಳಿಕೊಳ್ಳಬಲ್ಲರು, ಘಟ್ಟ ಇಳಿಯಲು ಸಿದ್ಧನಿದ್ದೀಯಾ, ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಾ ನಿನಗೆ ಹೊತ್ತು ಹೋದದ್ದು ತಿಳಿಯದ ದಿನವಿದೆಯೇ ಎಂದು ಕೇಳಿದರು. ಈ ಮೂರು ಪ್ರಶ್ನೆಗಳಿಗೆ ನಾನು ಕೊಟ್ಟ ಉತ್ತರಗಳಿಂದ ಬಂದಷ್ಟು ಸ್ಪಷ್ಟತೆ ಆ ಇಡೀ ವರದಿಯಿಂದ ಬರಲಿಲ್ಲ.

ಆಮೇಲೆ ಅವರು ಒಂದು ಬಿಳಿ ಹಾಳೆಯಲ್ಲಿ ತಿಂಗಳುಗಳನ್ನು ಬರೆದು, ಯಾವ ಬಾಗಿಲು ಯಾವಾಗ ಮುಚ್ಚುತ್ತದೆ ಎಂದು ಗುರುತು ಹಾಕಿದರು. ಐಐಟಿಗಳ ಎಂಎಸ್ಸಿಗೆ ನಡೆಯುವ ಜ್ಯಾಮ್ ಪರೀಕ್ಷೆ ಫೆಬ್ರುವರಿಯಲ್ಲಿ ಬರುತ್ತದೆ, ಆದರೆ ಅದಕ್ಕೆ ಅರ್ಜಿ ಹಾಕಬೇಕಾದದ್ದು ಅದರ ಹಿಂದಿನ ಸೆಪ್ಟೆಂಬರ್ ಆಸುಪಾಸಿನಲ್ಲಿ. ಅಂತಿಮ ವರ್ಷದಲ್ಲಿರುವವರೂ ಬರೆಯಬಹುದು. ಅದರಲ್ಲಿ ಪ್ರಾಣಿಶಾಸ್ತ್ರದ ಪತ್ರಿಕೆಯೇ ಇಲ್ಲ, ನನ್ನಂಥವರು ಜೈವಿಕ ತಂತ್ರಜ್ಞಾನವನ್ನೋ ರಸಾಯನಶಾಸ್ತ್ರವನ್ನೋ ಆರಿಸಿಕೊಳ್ಳಬೇಕು. ಬ್ಯಾಂಕುಗಳ ಗುಮಾಸ್ತ ಹುದ್ದೆಯ ಪರೀಕ್ಷೆಯನ್ನು ಈಗ ಕನ್ನಡದಲ್ಲೂ ಬರೆಯಬಹುದು, ಆದರೆ ಅಧಿಸೂಚನೆಯಲ್ಲಿ ಹೇಳಿದ ದಿನಾಂಕದೊಳಗೆ ಪದವಿಯ ಫಲಿತಾಂಶ ಬಂದಿರಬೇಕು. ಬಿ.ಇಡಿ. 2015ರಿಂದ ಎರಡು ವರ್ಷದ್ದಾಗಿದೆ. 6ರಿಂದ 8ನೇ ತರಗತಿಗೆ ಪಾಠ ಹೇಳುವ ಶಿಕ್ಷಕರಾಗಲು ಅದರ ಜೊತೆಗೆ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆಯ ಅರ್ಹತೆಯೂ ಬೇಕು, ಒಮ್ಮೆ ಗಳಿಸಿದ ಆ ಅರ್ಹತೆ ಈಗ ಜೀವನಪರ್ಯಂತ ಊರ್ಜಿತ. ಯುವನಿಧಿಯ ಲೆಕ್ಕವನ್ನೂ ಅವರು ಬಿಡಲಿಲ್ಲ: ಪದವಿ ಪಡೆದು 180 ದಿನವಾದರೂ ಕೆಲಸ ಸಿಗದಿದ್ದವರಿಗೆ ತಿಂಗಳಿಗೆ 3,000 ರೂಪಾಯಿಯಂತೆ ಗರಿಷ್ಠ ಎರಡು ವರ್ಷ ಸಿಗುತ್ತದೆ, ಆದರೆ ಮುಂದೆ ಓದಲು ಸೇರಿದವರಿಗೆ ಸಿಗದು. ಆದ್ದರಿಂದ ಎಂಎಸ್ಸಿಯ ಖರ್ಚಿಗೆ ಅದನ್ನು ನೆಚ್ಚಿಕೊಳ್ಳಬೇಡ ಎಂದು ಖಂಡಿತವಾಗಿ ಹೇಳಿದರು.

ಅವರಿಗೆ ನಮ್ಮ ಜಿಲ್ಲೆಯ ಪರಿಚಯ ಆಳವಾಗಿದೆ, ಮತ್ತು ಈ ಸೇವೆಯ ನಿಜವಾದ ಬೆಲೆ ಇರುವುದು ಅಲ್ಲಿಯೇ. ನನ್ನ ಜೊತೆ ಬಂದಿದ್ದ ಗೆಳೆಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದವನು. ಅವನಿಗೆ ಕೈಗಾದ ದಾರಿ ತೋರಿಸಿದರು. 220 ಮೆಗಾವ್ಯಾಟಿನ ನಾಲ್ಕು ಘಟಕಗಳಿರುವ ಆ ಅಣುವಿದ್ಯುತ್ ಸ್ಥಾವರದಲ್ಲಿ 700 ಮೆಗಾವ್ಯಾಟಿನ ಇನ್ನೆರಡು ಘಟಕಗಳು ಬರಲಿವೆ. ಅಣುವಿದ್ಯುತ್ ನಿಗಮವು ಅಂಥ ವಿಜ್ಞಾನ ಪದವೀಧರರನ್ನು ಶಿಷ್ಯವೇತನ ಕೊಟ್ಟು ತರಬೇತಿಗೆ ತೆಗೆದುಕೊಳ್ಳುತ್ತದೆ ಎಂಬುದು ಕಾರವಾರದ ಹುಡುಗನಾದ ಅವನಿಗೇ ತಿಳಿದಿರಲಿಲ್ಲ. ನನಗೆ ಆ ದಾರಿ ಇಲ್ಲವೆಂದೂ ಅಷ್ಟೇ ನೇರವಾಗಿ ಹೇಳಿದರು, ಏಕೆಂದರೆ ನನ್ನ ವಿಷಯಗಳ ಜೋಡಿ ಅದಕ್ಕೆ ಹೊಂದುವುದಿಲ್ಲ.

ನನ್ನ ಕೈಗೆ ಕೊಟ್ಟದ್ದು ಕಾರವಾರದ ಕೋಡಿಬಾಗದ ವಿಳಾಸ. ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗ ಧಾರವಾಡದಲ್ಲಲ್ಲ, ಸಮುದ್ರದ ಪಕ್ಕದಲ್ಲೇ, ಅಲ್ಲಿದೆ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಶಾಖೆಯೂ ಅದೇ ಊರಿನಲ್ಲಿದ್ದು, ಸಮುದ್ರದಲ್ಲಿ ಪಂಜರ ಇಳಿಸಿ ಮೀನು ಸಾಕುವ ಕೆಲಸದಲ್ಲಿ ಹೆಸರು ಮಾಡಿದೆ. ಮೊದಲು ಹೋಗಿ ನೋಡು, ಅಲ್ಲಿ ಓದುತ್ತಿರುವವರನ್ನು ಮಾತನಾಡಿಸು, ಅವರ ಹಿರಿಯರು ಈಗ ಎಲ್ಲಿ ಕೆಲಸದಲ್ಲಿದ್ದಾರೆಂದು ಕೇಳು, ಆಮೇಲೆ ನನ್ನ ಬಳಿ ಬಾ ಎಂಬುದು ಅವರ ಷರತ್ತು. ದೇವಿಮನೆ ಘಟ್ಟ ಇಳಿದು ಹೋಗಿ ಬಂದೆ. ಘಟ್ಟದ ಮೇಲೆ ಹುಟ್ಟಿ ಬೆಳೆದವನಿಗೆ ಮೀನಿನ ವಾಸನೆಯೇ ಮೊದಲ ಪ್ರವೇಶ ಪರೀಕ್ಷೆ ಎಂದು ಅಲ್ಲಿನ ವಿದ್ಯಾರ್ಥಿಯೊಬ್ಬ ನಗುತ್ತಾ ಹೇಳಿದ. ಮನೆಯಲ್ಲಿ ಮೀನು ಬೇಯಿಸದ ನಮ್ಮಂಥವರಿಗೆ ಅದು ಬರಿಯ ತಮಾಷೆಯೂ ಅಲ್ಲ. ಹಿರಿಯರ ವಿಷಯದಲ್ಲಿ ಸಿಕ್ಕ ಉತ್ತರಗಳು ಮಿಶ್ರವಾಗಿದ್ದವು: ಸಂಶೋಧನಾ ಯೋಜನೆಗಳಲ್ಲಿ ತಾತ್ಕಾಲಿಕ ಹುದ್ದೆ, ಸೀಗಡಿ ಮರಿಗಳ ಹ್ಯಾಚರಿ, ಮೀನು ಸಂಸ್ಕರಣಾ ಘಟಕಗಳ ಗುಣಮಟ್ಟ ವಿಭಾಗ, ಉಪನ್ಯಾಸಕ ವೃತ್ತಿ. ಖಾಯಂ ನೌಕರಿ ಬೇಗ ಸಿಗುತ್ತದೆ ಎಂದು ಯಾರೂ ಹೇಳಲಿಲ್ಲ.

ಎರಡನೇ ಸಮಾಲೋಚನೆಯಲ್ಲಿ ಈ ಉತ್ತರಗಳನ್ನೆಲ್ಲ ಮುಂದಿಟ್ಟೆ. ಅವರು ನನ್ನನ್ನು ಯಾವ ಕಡೆಗೂ ದೂಡಲಿಲ್ಲ. ಸಾಗರ ಜೀವಶಾಸ್ತ್ರಕ್ಕೆ ಅರ್ಜಿ ಹಾಕುವುದು, ಸೀಟು ಸಿಗದಿದ್ದರೆ ಬಿ.ಇಡಿ.ಗೆ ಹೋಗುವುದು ಎಂಬ ನನ್ನ ತೀರ್ಮಾನದಲ್ಲಿ ಮನೆಯ ಹಣಕಾಸಿಗೆ ಹೊಂದದ ಅಂಶಗಳಿವೆಯೇ ಎಂದಷ್ಟೇ ಪರಿಶೀಲಿಸಿದರು. ಇಷ್ಟಕ್ಕೇ ಗಂಟೆ ಮುಗಿಯಿತು, ಇನ್ನೊಂದು ಗಂಟೆಗೆ ಹಣ ಕೇಳುವ ಪ್ರಯತ್ನವನ್ನೂ ಮಾಡಲಿಲ್ಲ.

ಕೊನೆಯದಾಗಿ ಹೋಗುವವರಿಗೆ ಬೇಕಾದ ವಿವರಗಳು. ಪೂರ್ಣ ಪ್ಯಾಕೇಜ್ ಬೇಡ. 600 ರೂಪಾಯಿಯ ಮಾತುಕತೆಯೇ ಬೇಕೆಂದು ಕೇಳಿ, ಬೇಕಾದರೆ ಇನ್ನೊಮ್ಮೆ ಅಷ್ಟೇ ಕೊಟ್ಟು ಹೋಗಿ. ಆರನೇ ಸೆಮಿಸ್ಟರಿನ ಪರೀಕ್ಷೆ ಮುಗಿಸಿ ಹೋದರೆ ಆ ಬಿಳಿ ಹಾಳೆಯ ಅರ್ಧ ಬಾಗಿಲುಗಳು ಆಗಲೇ ಮುಚ್ಚಿರುತ್ತವೆ, ಐದನೆಯದು ಶುರುವಾಗುವಾಗಲೇ ಹೋಗುವುದು ಒಳ್ಳೆಯದು. ಅಂಕಪಟ್ಟಿಗಳನ್ನೂ ಪಿಯುಸಿಯಲ್ಲಿ ಯಾವ ವಿಷಯಗಳಿದ್ದವೆಂಬ ವಿವರವನ್ನೂ ಒಯ್ಯಿರಿ, ಮೊದಲು ಕೇಳುವುದು ಅದನ್ನೇ. ಸಮಾಲೋಚಕರು ವಾರವಿಡೀ ಇರುವುದಿಲ್ಲ, ಫೋನ್ ಮಾಡಿ ಅವರಿರುವ ದಿನವನ್ನೇ ಕೇಳಿಕೊಂಡು ಹೋಗಬೇಕು. ಉಳಿದ ದಿನಗಳಲ್ಲಿ ಸ್ವಾಗತ ಮೇಜಿನವರು ಬೆರಳುಗಳ ಅಚ್ಚು ತೆಗೆಯುವ ಯಂತ್ರವನ್ನಷ್ಟೇ ತೋರಿಸುತ್ತಾರೆ.