ನಾಲ್ಕು ವರ್ಷ, 2,340 ಗಂಟೆ: ಹೊಸ ಟ್ರ್ಯಾಕ್ಟರ್‌ಗೆ ಎಷ್ಟು ಆರ್‌ಪಿಎಂ ಇಡಬೇಕು?

ನನ್ನ ಟ್ರ್ಯಾಕ್ಟರ್ 47 ಎಚ್‌ಪಿ, ಮೂರು ಸಿಲಿಂಡರ್. ನಮ್ಮದು ರಾಣೆಬೆನ್ನೂರು ಕಡೆ ಎರೆ ಹೊಲ, ಗೋವಿನಜೋಳ ಮತ್ತು ಹತ್ತಿ. ಎಳೆತ, ಲಿಫ್ಟ್, ಬ್ರೇಕ್ ಯಾವುದರಲ್ಲೂ ದೂರಿಲ್ಲ. ಸೀಟು ಮಾತ್ರ ಗಟ್ಟಿ, ಎರಡನೇ ವರ್ಷವೇ ಬದಲಾಯಿಸಿದೆ. ಆದರೆ ಬರೆಯಲು ಕೂತಿದ್ದು ಆಕ್ಸಿಲರೇಟರ್ ಬಗ್ಗೆ, ಅಂದರೆ ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು (ಆರ್‌ಪಿಎಂ) ತಿರುಗಬೇಕು ಅನ್ನೋದರ ಬಗ್ಗೆ, ಯಾಕಂದ್ರೆ ಮೊದಲ ವರ್ಷ ನಾನು ತಪ್ಪಿದ್ದು ಅಲ್ಲೇ.

ಗಾಡಿ ತಂದುಕೊಟ್ಟ ಹುಡುಗ "ಹೊಸ ಇಂಜಿನ್ ಅಣ್ಣಾ, ನೂರು ತಾಸು 1,200 ದಾಟಿಸಬೇಡಿ" ಅಂದಿದ್ದ. ನಂಬಿದೆ. ಖಾಲಿ ಟ್ರೇಲರ್, ಹಗುರ ಕೆಲಸ, ಬದುವಿನ ಹತ್ತಿರ ಮಾತಾಡುತ್ತಾ ಅರ್ಧ ತಾಸು ಸುಮ್ನೆ ಸ್ಟಾರ್ಟ್‌ನಲ್ಲೇ ಬಿಡುವುದು, ಹೀಗೇ ನಡೆಯಿತು. 150 ಗಂಟೆ ಹೊತ್ತಿಗೆ ಆಯಿಲ್ ಕಡಿಮೆಯಾಗತೊಡಗಿತು. ಸೈಲೆನ್ಸರ್ ಬಾಯಲ್ಲಿ ಕಪ್ಪು ಜಿಡ್ಡು. ನಮ್ಮೂರ ಹಳೇ ಮೇಸ್ತ್ರಿ ಅದನ್ನು ಬೆರಳಲ್ಲಿ ಒರೆಸಿ, ಹೆಬ್ಬೆರಳಿಗೆ ಉಜ್ಜಿ ನೋಡಿ, "ಇದಕ್ಕೆ ಕೆಲಸಾನೇ ಕೊಟ್ಟಿಲ್ಲ ನೀನು" ಅಂದರು. ಹೊಸ ಇಂಜಿನ್‌ನಲ್ಲಿ ಪಿಸ್ಟನ್ ಸುತ್ತ ಇದ್ದು ಆಯಿಲ್ ಮೇಲೇರದಂತೆ ತಡೆಯುವ ರಿಂಗ್‌ಗಳು ಸಿಲಿಂಡರ್‌ಗೆ ಸರಿಯಾಗಿ ಕೂರಬೇಕಾದರೆ ಮಧ್ಯಮ ಲೋಡ್ ಬೇಕೇ ಬೇಕು. ಪೂರ್ತಿ ಲೋಡೂ ಬೇಡ, ಖಾಲಿ ಓಡಾಟವೂ ಬೇಡ, ಒಂದೇ ಆರ್‌ಪಿಎಂನಲ್ಲಿ ದಿನವಿಡೀ ಇಡುವುದೂ ಬೇಡ. ಮರುದಿನದಿಂದ ಮಣ್ಣು ಸಡಿಲಿಸುವ ಕಲ್ಟಿವೇಟರ್ ಕಟ್ಟಿ 1,500ರಿಂದ 1,700ರ ನಡುವೆ ಹೊಡೆದೆ. ನಿಧಾನಕ್ಕೆ ಸರಿಹೋಯಿತು, ಪುಣ್ಯ.

ಈಗ ಇನ್ನೊಂದು ತಪ್ಪು. ಡೀಸೆಲ್ ಉಳಿಯಲಿ ಅಂತ ಪಲ್ಟಿ ನೇಗಿಲನ್ನು ದೊಡ್ಡ ಗೇರ್‌ನಲ್ಲಿ 1,200ಕ್ಕೇ ಎಳೆಸುತ್ತಿದ್ದೆ. ಇಂಜಿನ್ ಗುಡ್ ಗುಡ್ ಅಂತ ಒದ್ದಾಡುತ್ತದೆ, ಕಪ್ಪು ಹೊಗೆ ಬರುತ್ತದೆ, ಫ್ಯಾನೂ ವಾಟರ್ ಪಂಪೂ ನಿಧಾನವಾಗುವುದರಿಂದ ಬಿಸಿಯೂ ಏರುತ್ತದೆ. ಉಳಿತಾಯ ಏನೂ ಇಲ್ಲ. ಮೇಸ್ತ್ರಿ ಕಲಿಸಿದ ಪರೀಕ್ಷೆ ಇದು: ಲೋಡ್ ಇರುವಾಗ ಹ್ಯಾಂಡ್ ಆಕ್ಸಿಲರೇಟರ್ ಸ್ವಲ್ಪ ಮುಂದೆ ತಳ್ಳಿ. ಇಂಜಿನ್ ತಕ್ಷಣ ಏರಿದರೆ ಗೇರ್ ಸರಿಯಿದೆ. ಏರದೆ ಬರೀ ಹೊಗೆ ಉಗುಳಿದರೆ ಒಂದು ಗೇರ್ ಇಳಿಸಿ.

ಹಗುರ ಕೆಲಸಕ್ಕೆ ಮಾತ್ರ ದೊಡ್ಡ ಗೇರ್, ಕಡಿಮೆ ಆರ್‌ಪಿಎಂ ನಿಜವಾಗಿ ಲಾಭ. ಟ್ಯಾಂಕ್ ಕತ್ತಿನವರೆಗೆ ತುಂಬಿಸಿ, ಎಕರೆ ಮುಗಿದ ಮೇಲೆ ಅಳತೆ ಕ್ಯಾನ್‌ನಿಂದ ಮತ್ತೆ ತುಂಬಿಸಿ ನೋಡಿದೆ. ಎರಡನೇ ಸಲದ ಕಲ್ಟಿವೇಟರ್‌ಗೆ 2,000ದಲ್ಲಿ ಸುಮಾರು 4 ಲೀಟರ್ ಹೋಗಿತ್ತು. ಮೇಲಿನ ಗೇರ್ ಹಾಕಿ 1,500ಕ್ಕೆ ಇಳಿಸಿ ಅದೇ ವೇಗದಲ್ಲಿ ಹೊಡೆದಾಗ ಮೂರೂಕಾಲು ಸಾಕಾಯಿತು.

ಹೆಂಟೆ ಪುಡಿ ಮಾಡುವ ರೋಟಾವೇಟರ್ ಲೆಕ್ಕ ಬೇರೆ. ಅದಕ್ಕೆ ಪಿಟಿಒ, ಅಂದರೆ ಗಾಡಿ ಹಿಂದೆ ಕಟ್ಟಿದ ಯಂತ್ರವನ್ನು ತಿರುಗಿಸುವ ಶಾಫ್ಟ್, ನಿಮಿಷಕ್ಕೆ 540 ಸುತ್ತು ತಿರುಗಬೇಕು, ನಮ್ಮ ಗಾಡಿಯಲ್ಲಿ ಅದು ಬರುವುದು ಇಂಜಿನ್ 1,800ರಲ್ಲಿದ್ದಾಗ. ಆರ್‌ಪಿಎಂ ಮೀಟರಿನ ಮುಳ್ಳು 1,500ಕ್ಕೆ ಬಿದ್ದರೆ ಪಿಟಿಒ 450 ಆಗುತ್ತದೆ, ಹಿಂದೆ ತಿರುಗಿ ನೋಡಿದರೆ ಮುಷ್ಟಿ ಗಾತ್ರದ ಹೆಂಟೆ ಹಾಗೇ ಬಿದ್ದಿರುತ್ತವೆ. ಆಗ ಆಕ್ಸಿಲರೇಟರ್ ಒತ್ತುವುದಲ್ಲ, ಗೇರ್ ಇಳಿಸಿ ಗಾಡಿಯನ್ನು ನಿಧಾನ ಮಾಡಬೇಕು. 2,200ಕ್ಕೆ ಏರಿಸಿದರೂ ತಪ್ಪೇ, ಪಿಟಿಒ 660 ತಿರುಗುತ್ತದೆ. ಮಣ್ಣು ಹಿಟ್ಟಾಗುತ್ತದೆ, ಒಂದು ಮಳೆ ಬಿದ್ದರೆ ಮೇಲೆ ಹೆಪ್ಪುಗಟ್ಟಿ ಮೊಳಕೆ ಏಳುವುದಿಲ್ಲ. ಹದ ನೋಡಿ ಹೊಡೆಯಿರಿ, ಹಸಿ ಎರೆಯಲ್ಲಿ ಯಾವ ಆರ್‌ಪಿಎಂ ಇಟ್ಟರೂ ಪ್ರಯೋಜನವಿಲ್ಲ.

ಹೊಸದು ತಗೊಳ್ಳುವವರು ಎಚ್‌ಪಿ ಕೇಳಿ ಬಿಡಬೇಡಿ. 540 ಪಿಟಿಒ ಎಷ್ಟು ಆರ್‌ಪಿಎಂಗೆ ಬರುತ್ತದೆ ಅಂತ ಕೇಳಿ. ನಮ್ಮ ಭಾವನ ಗಾಡಿಯಲ್ಲಿ ಎಕಾನಮಿ ಪಿಟಿಒ ಇದೆ, ಇಂಜಿನ್ ನಿಧಾನವಿದ್ದರೂ 540 ಬರುತ್ತದೆ. ಔಷಧಿ ಹೊಡೆಯುವ ಪಂಪಿಗೆ ಅಷ್ಟು ಸಾಕು. ನನ್ನದರಲ್ಲಿ ಇಲ್ಲ, ಅದೇ ಪಂಪಿಗೂ 1,800ರಲ್ಲೇ ಓಡಿಸುತ್ತಿದ್ದೇನೆ. ಸೀಟು ಬಿಟ್ಟರೆ, ನಾಲ್ಕು ವರ್ಷದಲ್ಲಿ ಈ ಗಾಡಿಯ ಬಗ್ಗೆ ನನಗೆ ಬೇಜಾರಾಗಿದ್ದು ಅದೊಂದಕ್ಕೇ.