ಜಾಂಜಿಬಾರ್: ಉಂಗುಜಾನೋ, ಪೆಂಬಾನೋ?

ಪೂರ್ವ ಆಫ್ರಿಕಾದ ಟಾಂಜಾನಿಯಾಕ್ಕೆ ಸೇರಿದ ಜಾಂಜಿಬಾರಿನ ಎರಡು ದೊಡ್ಡ ದ್ವೀಪಗಳು ಉಂಗುಜಾ, ಪೆಂಬಾ. ಮೊದಲ ಸಲ ಹೋಗುವವರಿಗೆ ಉಂಗುಜಾನೇ ಸರಿ. ಎದುರು ದಡದ ನಗರ ದಾರ್ ಎಸ್ ಸಲಾಮ್‌ನಿಂದ ವೇಗದ ಫೆರಿಯಲ್ಲಿ ಸುಮಾರು 2 ಗಂಟೆ. ಇಳಿದ ಕೂಡಲೇ 2000ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಹಳೆಯ ಪಟ್ಟಣ ಸ್ಟೋನ್ ಟೌನ್, ಹಿತ್ತಾಳೆ ಗುಬಟುಗಳ ಕೆತ್ತನೆ ಬಾಗಿಲುಗಳು. ಜೋಜಾನಿ ಕಾಡಿನ ಕೆಂಪು ಕೊಲೋಬಸ್ ಕೋತಿಯ ಮೂಲ ನೆಲೆಯೂ ಈ ದ್ವೀಪವೇ. ಈಜುವ ಆಸೆಯಿದ್ದರೆ ಉತ್ತರದ ನುಂಗ್ವಿಗೆ ಹೋಗಿ. ಪೂರ್ವದ ಪಾಜೆಯಲ್ಲಿ ಇಳಿತದ ಹೊತ್ತು ಸಮುದ್ರ ಎಷ್ಟು ಹಿಂದೆ ಸರಿಯುತ್ತದೆಂದರೆ, ನೀರು ಮುಟ್ಟುವಷ್ಟರಲ್ಲಿ ಕಾಲು ಸೋತಿರುತ್ತದೆ.

ಪೆಂಬಾ ಗುಡ್ಡಗಳ ಹಸಿರು ದ್ವೀಪ, ಹೋಟೆಲು ಕಡಿಮೆ. ಜಾಂಜಿಬಾರಿನ ಲವಂಗದಲ್ಲಿ ಬಹುಪಾಲು ಇಲ್ಲಿಯದು. ಮಲೆನಾಡಿನ ಅಂಗಳದಲ್ಲಿ ಅಡಿಕೆ ಹರವಿದ ಹಾಗೆ ಇಲ್ಲಿ ಚಾಪೆಯ ಮೇಲೆ ಲವಂಗದ ಮೊಗ್ಗು; ಹಸಿರು, ನಸುಗೆಂಪು ಬಣ್ಣ ಬಿಸಿಲಿಗೆ ಕಂದಾಗುತ್ತದೆ. ಪೆಂಬಾದಲ್ಲಷ್ಟೇ ಕಾಣುವ ದೊಡ್ಡ ಬಾವಲಿಯೊಂದಿದೆ. ಪಕ್ಕದ ಪುಟ್ಟ ದ್ವೀಪ ಮಿಸಾಲಿಯ ಸುತ್ತ ಹವಳದ ದಿಬ್ಬಗಳು. ರಾತ್ರಿ ಗದ್ದಲ ಬೇಕೆನ್ನುವವರಿಗೆ ಮಾತ್ರ ಪೆಂಬಾ ಬೇಡ.